ಬಯ್ದವನೇ ವಕೀಲ

ಹಳೇ ಗ್ಯಾಲರಿಯವರದು ಒಂದು ಪದ್ಧತಿ. ಫುಟ್‌ಬಾಲ್ ಸೀಸನ್ನಿನ ಕೊನೆಯ ಪಂದ್ಯಕ್ಕೆ ಒಂದು ವಾರ ಇರುವಾಗ, ಭಾನುವಾರ ಬೆಳಿಗ್ಗೆ, ಎಲ್ಲರೂ ಮೆಕ್ಯಾನಿಕ್ಕಿನ ಗ್ಯಾರೇಜಿನಲ್ಲಿ ಸೇರಿ ತಮ್ಮ ಕ್ಲಬ್ಬಿನ ಮಾಲೀಕರನ್ನು ವಿಚಾರಣೆ ಮಾಡುತ್ತಾರೆ. ಮಾಲೀಕರು ಬರುವುದಿಲ್ಲ. ಅವರಿಗೆ ಯಾರೂ ಹೇಳಿಯೂ ಇಲ್ಲ.

ವರ್ಷವಿಡೀ ಮಾಲೀಕರನ್ನು ಎಲ್ಲರಿಗಿಂತ ಹೆಚ್ಚು ಬಯ್ದವನು ಆ ದಿನ ಅವರ ಪರ ವಾದಿಸಬೇಕು. ಎಲ್ಲರಿಗಿಂತ ಹೆಚ್ಚು ಹೊಗಳಿದವನು ವಿರುದ್ಧ. ಎಲುಬಿಲ್ಲದ ನಾಲಿಗೆಯನ್ನು ಒಂದೇ ಕಡೆ ಹೊರಳಿಸಿದವರಿಗೆ ವರ್ಷಕ್ಕೊಮ್ಮೆಯಾದರೂ ಇನ್ನೊಂದು ಕಡೆ ಹೊರಳಿಸುವ ವ್ಯಾಯಾಮವಾಗಲಿ ಎಂಬ ಉದ್ದೇಶ. ವಕೀಲನಾದವನು ಬೇಡದ್ದನ್ನು ಮುಚ್ಚಿಡಬಹುದು, ಆದರೆ ನೇರವಾಗಿ ಕೇಳಿದರೆ ಸುಳ್ಳು ಹೇಳುವಂತಿಲ್ಲ. ತೀರ್ಪು ಬಂದ ಮೇಲೆ ಗ್ಯಾಲರಿಯಲ್ಲಿ ಕೂರುವ ಪ್ರತಿಯೊಬ್ಬರೂ ಅದಕ್ಕೆ ತಲೆಬಾಗಬೇಕು.

ವಿಚಾರಣೆಗೆ ಒಂದು ವಾರ ಮೊದಲು ವಕೀಲರನ್ನು ಆರಿಸುವಾಗ, ಈ ಸಲ ಮಾಲೀಕರ ವಕೀಲ ಯಾರೆಂದು ಯಾರೂ ಕೇಳಲೇ ಇಲ್ಲ. ಎಲ್ಲರೂ ಪ್ಲಂಬರ್ ಕಡೆ ತಿರುಗಿದರು. ಅವನನ್ನು ಕರೆಯುವುದು ವಾಷರ್ ಎಂದು, ಏಕೆಂದರೆ ಯಾರ ಮನೆಯ ಯಾವ ನಲ್ಲಿ ಬಿಚ್ಚಿದರೂ ಅವನು ಹೇಳುವ ಮಾತು ಒಂದೇ: “ಏನಿಲ್ಲ, ವಾಷರ್ ಹೋಗಿದೆ.” ಕ್ಲಬ್ಬಿನ ಮಾಲೀಕರು ಅಣ್ಣತಮ್ಮಂದಿರಿಬ್ಬರು, ಅವರದು ನಲ್ಲಿ ಮಾಡುವ ಕಾರ್ಖಾನೆ. ಅವರ ನಲ್ಲಿಗಳು ನೋಡಲು ಲಕ್ಷಣವಾಗಿದ್ದವು ಮತ್ತು ಸೋರುತ್ತಿದ್ದವು. ಹೀಗಾಗಿ ವಾಷರ್‌ಗೆ ಅವರನ್ನು ಬಯ್ಯಲು ವಾರವಿಡೀ ಕಸುಬಿನ ಕಾರಣವಿತ್ತು, ರಜದ ದಿನ ಫುಟ್‌ಬಾಲಿನ ಕಾರಣ.

“ಅವರ ನಲ್ಲಿ ಸೋರದಿದ್ರೆ ನಿಮ್ಮನೆ ಒಲೆ ಉರಿಯಲ್ಲ ಕಣೋ,” ಎಂದು ಟೈಲರ್ ಆಗಾಗ ನೆನಪಿಸುತ್ತಿದ್ದ. ಒಮ್ಮೆ ದೊಡ್ಡ ಮಾಲೀಕರು ಟೈಲರ್‌ನ ಕೈ ಕುಲುಕಿದ್ದರು. ಅಂದಿನಿಂದ ಆ ಕೈ ಹೊಗಳಿಕೆಗೇ ಮೀಸಲಾಗಿತ್ತು. ಆದ್ದರಿಂದ ವಿರುದ್ಧದ ವಕೀಲ ಅವನು.

ಬೇರೆ ವರ್ಷಗಳಲ್ಲಿ ತೀರ್ಪು ಎಂದರೆ ಒಂದು ಬ್ಯಾನರ್ ಬರೆಸುವುದಷ್ಟೇ. ಈ ವರ್ಷ ಹಾಗಿರಲಿಲ್ಲ. ಮಾಲೀಕರು ಹಳೇ ಗ್ಯಾಲರಿಯನ್ನು ಒಡೆದು, ಅಲ್ಲಿ ಗಾಜಿನ ಮುಂಭಾಗದ ಹೊಸ ಗ್ಯಾಲರಿ ಕಟ್ಟಿಸುವುದಾಗಿ ಪ್ರಕಟಿಸಿದ್ದರು. ಕೊನೆಯ ಪಂದ್ಯ ಮುಗಿದ ಮಾರನೆಯ ದಿನವೇ ಕೆಲಸ ಶುರು. ತಪ್ಪಿತಸ್ಥರು ಎಂದು ತೀರ್ಪಾದರೆ ಕೊನೆಯ ಪಂದ್ಯದಲ್ಲಿ ಇಡೀ ಗ್ಯಾಲರಿಯನ್ನು ಖಾಲಿ ಬಿಟ್ಟು ಹೊರಗೆ ಕೂರುವುದು ಎಂದು ಮೊದಲೇ ಮಾತಾಗಿತ್ತು.

ವಾಷರ್‌ಗೆ ಇದು ಅತ್ತ ದರಿ ಇತ್ತ ಪುಲಿ ಆಯಿತು. ಕಾರಣ, ಅವನ ಅಪ್ಪ.

ಅಪ್ಪ ಬಸ್ ಡ್ರೈವರ್ ಆಗಿ ನಿವೃತ್ತನಾದವನು. ಪ್ರಾಯದಿಂದಲೂ ಹಳೇ ಗ್ಯಾಲರಿಯ ಒಂದೇ ಜಾಗದಲ್ಲಿ, ಒಂದು ದಪ್ಪ ಕಂಬದ ಪಕ್ಕದಲ್ಲಿ ಕೂತವನು. ಆ ಕಂಬ ಎಡಗಡೆಯ ಗೋಲನ್ನೂ ಮಾಲೀಕರ ಗಾಜಿನ ಕೋಣೆಯನ್ನೂ ಪೂರ್ತಿ ಮರೆಮಾಡುತ್ತಿತ್ತು. ಬೇರೆ ಜಾಗವಿದ್ದರೂ ಅಪ್ಪ ಕದಲಿದವನಲ್ಲ. ಎಡಗಡೆ ಏನಾದರೂ ಆದರೆ ಗದ್ದಲ ಕೇಳಿಯೇ “ನಮ್ಮದು,” ಇಲ್ಲವೇ “ಗೋಲಿನ ಕಂಬಕ್ಕೆ ಬಡೀತು,” ಎಂದು ಹೇಳುತ್ತಿದ್ದ, ತಪ್ಪಿದ್ದಿಲ್ಲ. ಈಗ ಮಂಡಿ ಕೈಕೊಟ್ಟಿತ್ತು. ಮಗನ ಹೆಗಲು ಹಿಡಿದು ಮೆಟ್ಟಿಲು ಹತ್ತಿ, ಸೊಸೆ ಕೊಟ್ಟ ದಿಂಬಿನ ಮೇಲೆ ಕೂತರೆ ಮುಗಿಯಿತು, ವಿಸಿಲ್ ಊದುವವರೆಗೆ ಏಳುತ್ತಿರಲಿಲ್ಲ. ಗ್ಯಾಲರಿ ಒಡೆದರೆ ಆ ಜಾಗ ಇಲ್ಲ. ಅಪ್ಪನಿಗೆ ಅಲ್ಲಿ ಕೂರಲು ಉಳಿದಿದ್ದು ಒಂದೇ ಒಂದು ಪಂದ್ಯ. ತೀರ್ಪು ವಿರುದ್ಧ ಬಂದರೆ ಅದೂ ಇಲ್ಲ, ಏಕೆಂದರೆ ಎಲ್ಲರೂ ಹೊರಗೆ ಕೂತಾಗ ತಾನೊಬ್ಬನೇ ಒಳಗೆ ಹೋಗುವ ಜಾತಿಯವನಲ್ಲ ಅಪ್ಪ.

ಅಪ್ಪನನ್ನು ಆ ಕಂಬದ ಪಕ್ಕದಲ್ಲಿ ಇನ್ನೊಂದು ಸಲ ಕೂರಿಸಬೇಕು. ಅದಕ್ಕಾಗಿ ತಾನು ಮನಸಾರೆ ದ್ವೇಷಿಸುವ ಇಬ್ಬರನ್ನು ಗೆಲ್ಲಿಸಬೇಕು. ವಾಷರ್‌ಗೆ ಆ ವಾರ ಊಟ ಸೇರಲಿಲ್ಲ.

“ರೀ, ಬಾಯಿ ಬಿಟ್ರೆ ಅವರನ್ನ ಬಯ್ಯೋರು ನೀವು. ಅವರ ಪರ ಏನಂತ ಮಾತಾಡ್ತೀರಿ?” ಹೆಂಡತಿ ದಿಂಬಿನ ಕವರಿಗೆ ಹೊಲಿಗೆ ಹಾಕುತ್ತ ಕೇಳಿದಳು.

“ಅಭ್ಯಾಸ ಮಾಡ್ತಿದೀನಿ.”

“ಯಾರ ಮುಂದೆ?”

ಅದನ್ನು ಅವನು ಹೇಳಲಿಲ್ಲ. ರಿಪೇರಿಗೆ ಹೋದ ಮನೆಗಳ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು, ಮಾಲೀಕರದೇ ನಲ್ಲಿಗಳ ಮುಂದೆ ಮಾಲೀಕರ ಪರ ವಾದ ಒಪ್ಪಿಸುತ್ತಿದ್ದ. ನಲ್ಲಿ ತೊಟ್ಟಿಕ್ಕುತ್ತಿತ್ತು. ಒಂದು ಮನೆಯಲ್ಲಿ ಹೊರಗಿನಿಂದ ಯಜಮಾನಿ, “ಯಾರ ಜೊತೆ ಜಗಳ ಆಡ್ತಿದೀರಿ?” ಎಂದು ಕೇಳಿದರು. “ಏನಿಲ್ಲಮ್ಮ, ವಾಷರ್ ಹೋಗಿದೆ,” ಎಂದ.

ಭಾನುವಾರ ಗ್ಯಾರೇಜು ತುಂಬಿತ್ತು. ಜ್ಯಾಕಿನ ಮೇಲೆ ಎತ್ತಿದ ಕಾರೊಂದು ಮಧ್ಯದಲ್ಲಿ, ಅದರ ಸುತ್ತ ಹಳೇ ಟೈರುಗಳ ಮೇಲೆ, ಬೋರಲು ಹಾಕಿದ ಎಣ್ಣೆ ಡಬ್ಬಗಳ ಮೇಲೆ ಜನ. ಇದ್ದ ಒಂದೇ ಕುರ್ಚಿಯಲ್ಲಿ ನ್ಯಾಯಾಧೀಶರಾಗಿ ಹೆಡ್‌ಮೇಡಂ. ಅವರು ಶಾಲೆ ಬಿಟ್ಟು ಎಷ್ಟೋ ವರ್ಷವಾಗಿತ್ತು, ಆದರೆ ಅವರು ಕನ್ನಡಕ ಸರಿಪಡಿಸಿಕೊಂಡರೆ ಸಾಕು, ಅಲ್ಲಿದ್ದ ಅರ್ಧಕ್ಕರ್ಧ ಜನ ಈಗಲೂ ಕೈಕಟ್ಟುತ್ತಿದ್ದರು. ಅಪ್ಪ ಮುಂದಿನ ಟೈರಿನ ಮೇಲೆ ಕೋಲು ಊರಿ ಕೂತಿದ್ದ.

“ಮೊದಲು ಒಂದು ಮಾತು ಇತ್ಯರ್ಥ ಆಗಲಿ,” ಎಂದರು ಹೆಡ್‌ಮೇಡಂ. “ಮಾಲೀಕರನ್ನ ಯಾವುದರಿಂದ ಅಳೀಬೇಕು?”

“ಗೆದ್ದರೆ ಒಳ್ಳೆಯವರು, ಸೋತರೆ ಕೆಟ್ಟವರು. ಇದಕ್ಕೆ ಕೋರ್ಟು ಬೇರೆ ಕೇಡು,” ಎಂದ ಮೆಕ್ಯಾನಿಕ್.

“ಹಾಗಾದ್ರೆ ನೀನು ಹೋದ ತಿಂಗಳು ಒಳ್ಳೆಯವನು, ಈ ತಿಂಗಳು ಕೆಟ್ಟವನು. ನನ್ನ ಸ್ಕೂಟರ್ ಹೋದ ತಿಂಗಳು ಮಾತ್ರ ಓಡ್ತಿತ್ತು,” ಎಂದಿತು ಹಿಂದಿನ ಸಾಲು.

ಅಳಿಯನನ್ನು ಅಳೆಯುವ ಹಾಗೆ ಅಳೆಯಬೇಕು, ತಂದುಕೊಟ್ಟಿದ್ದನ್ನು ನೋಡಬಾರದು, ಮಗಳ ಮುಖ ನೋಡಬೇಕು ಎಂದು ಒಬ್ಬರು ಹೇಳಿದರು. ಅವರಿಗೆ ಮೂವರು ಅಳಿಯಂದಿರಿದ್ದರು, ಮೂವರ ಮೇಲೂ ದೂರಿತ್ತು. ಮಾತು ಅಳಿಯಂದಿರ ಕಡೆ ಹರಿಯಿತು. ಹೆಡ್‌ಮೇಡಂ ಕನ್ನಡಕ ಸರಿಪಡಿಸಿಕೊಂಡು ಟೈಲರ್‌ನನ್ನು ಎಬ್ಬಿಸಿದರು.

ಟೈಲರ್ ಮೊದಲು ತಡವರಿಸಿದ. ಕುಲುಕಿಸಿಕೊಂಡ ಕೈಯನ್ನು ಜೇಬಿನಲ್ಲಿಟ್ಟುಕೊಂಡ. ಆಮೇಲೆ ಹೊಸ ಕತ್ತರಿ ಸಿಕ್ಕಂತೆ ಸರಾಗವಾಗಿ ಹರಿಯತೊಡಗಿದ. “ಗಾಜಿನ ಗ್ಯಾಲರಿಯಂತೆ! ಟೀಮು ನೋಡಿದ್ರೆ ಕೆಳಗಿಂದ ಮೂರನೇ ಜಾಗ. ಮೂಗಿಗಿಂತ ಮೂಗುತಿ ಭಾರ. ನಮ್ಮ ಅಪ್ಪಂದಿರು ಕೂತ ಕಲ್ಲು ಅದು. ಒಡೀತೀವಿ ಅಂತ ನಮಗೆ ಒಂದು ಮಾತು ಹೇಳಿದ್ರಾ? ಪೇಪರ್ ನೋಡಿ ತಿಳ್ಕೋಬೇಕಾಯ್ತು!” ಜನ ಡಬ್ಬ ಬಡಿದರು. ತನ್ನೊಳಗೆ ಇಷ್ಟು ಸಿಟ್ಟಿತ್ತೆಂದು ಟೈಲರ್‌ಗೇ ಗೊತ್ತಿರಲಿಲ್ಲ. ಕೂತ ಮೇಲೆ ನೀರು ಕೇಳಿ ಕುಡಿದ.

ವಾಷರ್ ಎದ್ದ. ಅವನ ಬಾಯಿಂದ ಮಾಲೀಕರ ಹೊಗಳಿಕೆ ಕೇಳಲೆಂದೇ ಕೆಲವರು ಬಂದಿದ್ದರು, ಅವರು ಆಗಲೇ ನಗುತ್ತಿದ್ದರು.

“ಇವರು ಬರೋ ಮುಂಚೆ ಮೈದಾನ ಹೇಗಿತ್ತು?” ಎಂದ ವಾಷರ್. “ಹುಲ್ಲಿಗಿಂತ ಮಣ್ಣು ಜಾಸ್ತಿ. ದೀಪ ಅರ್ಧ ಉರೀತಿರಲಿಲ್ಲ. ಹೆಂಗಸರ ಟಾಯ್ಲೆಟ್ ಅಂತ ಇದ್ದಿದ್ದು ಒಂದು ಬೋರ್ಡು ಮಾತ್ರ, ಅದರ ಹಿಂದೆ ಗೋಡೆ. ಕಟ್ಟಿಸಿದ್ಯಾರು? ನಲ್ಲಿ ಸೋರುತ್ತೆ, ಒಪ್ಕೋತೀನಿ. ಆದ್ರೆ ಸೋರೋದಕ್ಕೂ ಒಂದು ನಲ್ಲಿ ಇರಬೇಕಲ್ಲ?”

ಹೆಡ್‌ಮೇಡಂ ಕೆಮ್ಮಿದರು. “ಅದು ನಿಜ. ಮುಂಚೆ ಪಂದ್ಯ ಇದ್ದ ದಿನ ನಾನು ಬೆಳಗಿಂದ ನೀರು ಕುಡೀತಿರಲಿಲ್ಲ,” ಎಂದರು.

ನಗುತ್ತಿದ್ದವರು ನಿಲ್ಲಿಸಿದರು. ವಾಷರ್‌ಗೆ ಧೈರ್ಯ ಬಂತು.

“ಇನ್ನು ಗ್ಯಾಲರಿ. ಒಡೀತಾರೆ, ನಾವು ಒಳಗೆ ಕೂತರೂ ಒಡೀತಾರೆ, ಹೊರಗೆ ಕೂತರೂ ಒಡೀತಾರೆ. ಅವರಿಗೆ ಸಿಟ್ಟು ತೋರಿಸೋಕೆ ಹೋಗಿ ನಾವು ನಮ್ಮ ಗ್ಯಾಲರೀನ ಒಂಟಿ ಬಿಡಬೇಕಾ? ಸಾಯೋರ ಹಾಸಿಗೆ ಪಕ್ಕದಿಂದ ಎದ್ದು ಹೋಗಿ ಯಾರಾದ್ರೂ ಡಾಕ್ಟರ ವಿರುದ್ಧ ಮುಷ್ಕರ ಮಾಡ್ತಾರಾ? ಕೊನೇ ದಿನ ಅಲ್ಲಿ ತುಂಬ್ಕೊಂಡು ಕೂರೋಣ. ನಾನು ಕೇಳ್ಕೊಳ್ಳೋದು ಇಷ್ಟೇ.”

ಮೆಕ್ಯಾನಿಕ್ ಎಣ್ಣೆ ಬಟ್ಟೆಯಲ್ಲೇ ಮೂಗು ಒರೆಸಿಕೊಂಡ. ಟೈಲರ್ ಕೂಡ ತಲೆಯಾಡಿಸುತ್ತಿದ್ದ, ಅದು ಅವನ ಕೆಲಸವಲ್ಲದಿದ್ದರೂ. ಗೆದ್ದೆ ಎಂದು ವಾಷರ್‌ಗೆ ಖಾತ್ರಿಯಾಯಿತು. ಅಪ್ಪನ ಕಡೆ ನೋಡಿದ.

ಅಪ್ಪ ಕೋಲು ಎತ್ತಿದ.

“ವಕೀಲರಿಗೆ ಒಂದು ಪ್ರಶ್ನೆ ಮೇಡಂ. ಕೇಳಬಹುದಾ?”

“ಕೇಳಿ.”

“ಆ ಗಾಜಿನ ಕೋಣೆ ನನ್ನ ಜಾಗದಿಂದ ಕಾಣಲ್ಲ, ಕಂಬ ಅಡ್ಡ. ವಕೀಲರಿಗೆ ಕಾಣುತ್ತೆ. ಮಾಲೀಕರು ವಿಸಿಲ್ ಊದೋವರೆಗೂ ಕೂತಿರ್ತಾರಾ?”

ವಾಷರ್ ಅಪ್ಪನನ್ನೇ ದಿಟ್ಟಿಸಿದ. ಪ್ರತಿ ಪಂದ್ಯದಲ್ಲೂ “ಅಗೋ, ಎದ್ರು ಕಳ್ಳರು!” ಎಂದು ಅಪ್ಪನ ಕಿವಿಯ ಪಕ್ಕದಲ್ಲೇ ಕೂಗಿದವನು ಅವನೇ. ಅಪ್ಪನಿಗೆ ಉತ್ತರ ಗೊತ್ತಿತ್ತು.

“ಇಲ್ಲ,” ಎಂದ ವಾಷರ್.

“ಯಾಕೆ?”

“ಆಮೇಲೆ ರಸ್ತೇಲಿ ಜನ ತುಂಬ್ಕೋತಾರೆ. ಕಾರು ಹೊರಗೆ ತೆಗೆಯೋಕೆ ಕಷ್ಟ ಆಗುತ್ತೆ ಅಂತ.”

“ನಾವು ಗೆಲ್ತಾ ಇದ್ರೂ?”

“ಗೆಲ್ತಾ ಇದ್ರೂ.”

ಅಪ್ಪ ಕೋಲು ಕೆಳಗಿಟ್ಟ. “ಇಷ್ಟೇ ಮೇಡಂ. ಹುಲ್ಲು ಹಾಕಿಸ್ಲಿ, ಗಾಜು ಹಾಕಿಸ್ಲಿ, ಸಂತೋಷ. ಮುಗಿಯೋ ಮುಂಚೆ ಎದ್ದು ಹೋಗೋರು ನೆಂಟರು, ಮನೆಯವರಲ್ಲ. ನೆಂಟರಿಗೆ ಮನೆ ಒಡೆಯೋ ಹಕ್ಕು ಕೊಟ್ಟೋರ್ಯಾರು?”

ಆಮೇಲೆ ಕೈ ಎತ್ತಿಸಿದ್ದು ಶಾಸ್ತ್ರಕ್ಕೆ ಮಾತ್ರ. ತಪ್ಪಿತಸ್ಥರು ಎಂಬುದಕ್ಕೆ ಎಲ್ಲರಿಗಿಂತ ಮೊದಲು ಎದ್ದಿದ್ದು ಅಪ್ಪನ ಕೈ.

ಮನೆಯ ದಾರಿಯಲ್ಲಿ ವಾಷರ್ ಅಪ್ಪನ ನಡಿಗೆಗೆ ತಕ್ಕಂತೆ ಹೆಜ್ಜೆ ಹಾಕಿದ. ಅಪ್ಪನ ಕೈ ಹೆಗಲ ಮೇಲೆ ಭಾರವಾಗಿತ್ತು.

“ನಿನಗೋಸ್ಕರ ಅಲ್ವೇನಪ್ಪ ನಾನು ಆ ದರಿದ್ರದವರನ್ನ ಹೊಗಳಿದ್ದು?”

“ಗೊತ್ತು.”

“ಗೊತ್ತಿದ್ದೂ ಕೇಳಿದ್ಯಾ?”

“ಗೊತ್ತಿದ್ದಕ್ಕೇ ಕೇಳ್ದೆ. ಎಲ್ರೂ ಒಪ್ಕೊಂಡು ಬಿಡ್ತಿದ್ರು. ನನ್ನ ಒಬ್ಬನ ದಿಂಬಿಗೋಸ್ಕರ.” ಸ್ವಲ್ಪ ದೂರ ನಡೆದ ಮೇಲೆ, “ಚೆನ್ನಾಗಿ ಮಾತಾಡಿದೆ,” ಎಂದ.

ವಾಷರ್‌ಗೆ ಅಪ್ಪನ ಮೇಲೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಹೆಮ್ಮೆ ಬಂತು. ಹೆಮ್ಮೆಯನ್ನು ತೋರಿಸಿ ಅಭ್ಯಾಸವಿರಲಿಲ್ಲವಾದ್ದರಿಂದ ಮನೆ ಮುಟ್ಟುವವರೆಗೆ ಸಿಟ್ಟನ್ನೇ ತೋರಿಸಿದ.

ಪಂದ್ಯದ ದಿನ ಹಳೇ ಗ್ಯಾಲರಿಯವರೆಲ್ಲ ಮೈದಾನದ ಗೋಡೆಗೆ ಬೆನ್ನು ಕೊಟ್ಟು, ಕಾರು ಬರುವ ಗೇಟಿನ ಪಕ್ಕದ ರಸ್ತೆಯಲ್ಲಿ ಕೂತರು. ಕೂರಲು ಫುಟ್‌ಪಾತ್ ಸಾಲದೆ ರಸ್ತೆಗೂ ಹರಡಿದರು. ಹೆಡ್‌ಮೇಡಂ ಎಲ್ಲರ ಫೋನುಗಳನ್ನು ಕಿತ್ತುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡಿದ್ದರು. ನೋಡುವುದಿಲ್ಲ ಅಂದ ಮೇಲೆ ಕದ್ದೂ ನೋಡುವಂತಿಲ್ಲ ಎಂದು ಆಜ್ಞೆಯಾಗಿತ್ತು. ಚೀಲ ಆಗಾಗ ಗುಂಯ್‌ಗುಡುತ್ತಿತ್ತು. ಸೊಸೆ ಕೊಟ್ಟ ದಿಂಬಿನ ಮೇಲೆ ಅಪ್ಪ ಕಾಲು ನೀಡಿ ಕೂತಿದ್ದ.

ಒಳಗಿಂದ ದೊಡ್ಡ ಗದ್ದಲ ಎದ್ದಿತು. ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಕಣ್ಣು ಮುಚ್ಚಿ ಕಿವಿಗೊಟ್ಟ. ಗದ್ದಲ ಇಳಿಯಿತು. ಅಪ್ಪ ಇನ್ನೂ ಸುಮ್ಮನಿದ್ದ.

“ಯಾರದಪ್ಪ?”

“ಗೊತ್ತಾಗ್ತಿಲ್ಲ,” ಎಂದ ಅಪ್ಪ. “ನಮ್ಮೋರೆಲ್ಲ ಇಲ್ಲೇ ಇದೀರಲ್ಲ. ನಾನು ಕೇಳ್ತಿದ್ದಿದ್ದು ನಿಮ್ಮ ಧ್ವನಿ.”

ವಾಷರ್ ಈ ಪದ್ಧತಿಯನ್ನು ಹುಟ್ಟಿಸಿದವರನ್ನು ಮನಸ್ಸಿನಲ್ಲೇ ಬಯ್ದ. ಅವರಲ್ಲಿ ಅಪ್ಪನೂ ಒಬ್ಬನಾಗಿದ್ದ.

ಇನ್ನೊಂದು ಗದ್ದಲ ಎದ್ದು ಅಡಗಿತು. ಅದೂ ತಿಳಿಯಲಿಲ್ಲ. ಆಮೇಲೆ ಗೇಟು ತೆರೆಯಿತು. ಕರಿಯ ಕಾರು ಹೊರಗೆ ಬಂದು, ರಸ್ತೆ ತುಂಬ ಕೂತ ಜನರನ್ನು ನೋಡಿ ನಿಂತಿತು. ಯಾರೂ ಕೂಗಲಿಲ್ಲ. ಹಿಂದಿನ ಗಾಜು ಇಳಿಯಿತು. ಚಿಕ್ಕ ಮಾಲೀಕರು. ಹತ್ತಿರದಿಂದ ನೋಡಿದರೆ ಸಾಧಾರಣ ಮನುಷ್ಯ, ಕಣ್ಣ ಕೆಳಗೆ ನಿದ್ದೆಗೆಟ್ಟ ಗುರುತು.

“ಅಜ್ಜ, ಸ್ವಲ್ಪ ದಾರಿ ಬಿಡ್ತೀರಾ?”

“ಪಂದ್ಯ ಮುಗೀತಾ ಸ್ವಾಮಿ?”

“ಇಲ್ಲ. ಇನ್ನೂ ನಡೀತಿದೆ.”

“ಎಷ್ಟಾಗಿದೆ?”

“ನಾನು ಏಳೋವಾಗ ಒಂದೊಂದು ಇತ್ತು.”

“ಈಗ?”

ಮಾಲೀಕರು ಗೇಟಿನ ಕಡೆ ತಿರುಗಿ ನೋಡಿದರು. ಗೇಟು ಮುಚ್ಚಿತ್ತು. “ಈಗಿಂದು ಗೊತ್ತಿಲ್ಲ ಅಜ್ಜ,” ಎಂದರು.

ಅಪ್ಪ ನೀಡಿದ್ದ ಕಾಲುಗಳನ್ನು ಎರಡೂ ಕೈಯಿಂದ ಒಂದೊಂದಾಗಿ ಎತ್ತಿ ಮಡಚಿಕೊಂಡು, ಪಕ್ಕದವರಿಗೂ ಸರಿಯುವಂತೆ ಸನ್ನೆ ಮಾಡಿದ.

“ಪರವಾಗಿಲ್ಲ. ನೀವು ಹೋಗಿ ಬನ್ನಿ,” ಎಂದ, ಬಾಗಿಲವರೆಗೆ ಬಂದು ನೆಂಟರನ್ನು ಕಳಿಸುವ ದನಿಯಲ್ಲಿ. “ನಾವು ಇರ್ತೀವಿ.”

ಗಾಜು ಏರಿತು, ಕಾರು ನಿಧಾನವಾಗಿ ಅವರ ನಡುವಿನಿಂದ ಹಾದು ತಿರುವಿನಲ್ಲಿ ಮರೆಯಾಯಿತು. ಜನ ಮತ್ತೆ ರಸ್ತೆ ತುಂಬ ಕೂತರು.

ಒಳಗೆ ಇನ್ನೊಂದು ಗದ್ದಲವಾಯಿತು, ಸ್ವಲ್ಪ ಹೊತ್ತಿಗೆ ಉದ್ದನೆಯ ವಿಸಿಲ್. ಅದು ಮಾತ್ರ ಎಲ್ಲರಿಗೂ ಕೇಳಿಸಿತು. ಅಪ್ಪ ಕೈ ಚಾಚಿದ, ವಾಷರ್ ಎಬ್ಬಿಸಿ ನಿಲ್ಲಿಸಿದ. ಹೆಡ್‌ಮೇಡಂ ಚೀಲ ತೆರೆದು ಫೋನುಗಳನ್ನು ಹಂಚಿದರು.

“ಅಪ್ಪ, ತೀರ್ಪು ಪಂದ್ಯಕ್ಕೆ ಮಾತ್ರ,” ಎಂದ ವಾಷರ್. “ಈಗ ಒಳಗೆ ಹೋಗಬಹುದು. ನಾನು ಎತ್ತಿಕೊಂಡಾದ್ರೂ ಹೋಗ್ತೀನಿ. ಒಂದು ಸಲ ನಿನ್ನ ಜಾಗದಲ್ಲಿ ಕೂತು ಬಾ.”

“ಆಟ ಇಲ್ಲದ ಕಟ್ಟಡ ನೋಡೋಕೆ ನಾನೇನು ಮಾಲೀಕನಾ?” ಎಂದ ಅಪ್ಪ. ಆದರೂ ಗೋಡೆಯ ಆಚೆ ಕಾಣುತ್ತಿದ್ದ ಹಳೇ ಗ್ಯಾಲರಿಯ ತಗಡಿನ ಚಾವಣಿಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತ. ಆಮೇಲೆ ಹೇಳಿದ, “ಏನಾಯ್ತು ಅಂತ ನೋಡು.”

ವಾಷರ್ ಫೋನು ನೋಡಿದ. “ಸೋತ್ವಿ ಅಪ್ಪ.”

“ಸರಿ,” ಎಂದು ಅಪ್ಪ ಮಗನ ಹೆಗಲಿಗೆ ಕೈಯಿಟ್ಟ. “ದಿಂಬು ಬಿಟ್ಟೀಯ, ತಗೋ.”