ಒಂದು ಸಲಕ್ಕೆ ಒಂದೇ ಪ್ರಶ್ನೆ

ಭಾಗ್ಯಾ ಎರಡು ಕಡೆ ಸೀಟು ಗಿಟ್ಟಿಸಿಕೊಂಡಿದ್ದೇ ತಪ್ಪಾಯಿತು. ಒಂದೇ ಕಡೆ ಸಿಕ್ಕಿದ್ದರೆ ಮನೆಯವರು ಬೈದು ಸುಮ್ಮನಾಗುತ್ತಿದ್ದರು. ಈಗ ಹುನಗುಂದ ತಾಲ್ಲೂಕಿನ ಆ ಸಣ್ಣ ಊರಿನಲ್ಲಿ ಎಲ್ಲರ ಬಾಯಿಗೂ ಕೆಲಸ ಸಿಕ್ಕಿತ್ತು.

ಬಾಗಲಕೋಟೆಯಲ್ಲಿ ಬಿ.ಎ. ಮುಗಿಸಿದವಳಿಗೆ ಪಂಚಾಯ್ತಿ ಆಡಳಿತದಲ್ಲೇ ಕೆಲಸ ಮಾಡಬೇಕೆಂಬ ಹಟ. ಅದಕ್ಕಾಗಿ ಸಾರ್ವಜನಿಕ ನೀತಿಯಲ್ಲಿ ಎಂ.ಎ. ಮಾಡಲು ಹೊರಟಿದ್ದಳು. ಬೆಂಗಳೂರಿನ ಕೋರ್ಸಿಗೆ ದೊಡ್ಡ ಹೆಸರಿತ್ತು. ಬಜೆಟ್ಟು, ಕಾನೂನು, ಅಂಕಿಅಂಶ ಎಲ್ಲವನ್ನೂ ಅರೆದು ಕುಡಿಸುತ್ತಾರಂತೆ. ಧಾರವಾಡದ್ದು ಹೊಸದು. ಆದರೆ ಅಲ್ಲಿ ಕೊನೆಯ ಆರು ತಿಂಗಳು ವಿದ್ಯಾರ್ಥಿಗಳನ್ನು ಅವರವರ ಜಿಲ್ಲೆಯ ಗ್ರಾಮ ಪಂಚಾಯ್ತಿಗಳಿಗೆ ಕಳಿಸಿ, ಗ್ರಾಮಸಭೆ ನಡೆಯುವುದನ್ನು ಕಣ್ಣಾರೆ ನೋಡಿ ಬರೆಯಿರಿ ಎನ್ನುತ್ತಾರೆ. ಯಾವುದಕ್ಕೆ ಸೇರುತ್ತೇನೆಂದು ಈ ಸಂಜೆಯೊಳಗೆ ತಿಳಿಸಬೇಕಿತ್ತು.

ಪಂಚಾಯ್ತಿಯಲ್ಲಿ ಪಿಡಿಓ ಆಗಲು ಯಾವ ಡಿಗ್ರಿಯಾದರೂ ಸಾಕಂತೆ, ಮತ್ತೆರಡು ವರ್ಷ ಯಾಕೆ ಓದಬೇಕು ಎಂದು ತಾಯಿ ರೇಣವ್ವ ದಿನಾ ಕೇಳುತ್ತಿದ್ದಳು. ಇಳಕಲ್ಲಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಸೋದರಮಾವ ನಿಂಗರಾಜನಿಗೆ, ಓದಿದ ಮೇಲೆ ಸಂಬಳ ಎಷ್ಟೆಂಬುದೊಂದೇ ಚಿಂತೆ. ವಿವರಿಸಿ ವಿವರಿಸಿ ಭಾಗ್ಯಾಳಿಗೆ ತನ್ನ ಮಾತಿನ ಮೇಲೆಯೇ ಬೇಸರ ಬಂದಿತ್ತು. ತಂದೆ ಅಮಸಿದ್ದಪ್ಪ ಸ್ವತಃ ಗ್ರಾಮ ಪಂಚಾಯ್ತಿ ಸದಸ್ಯ. ಆತ ಮಾತ್ರ ವಾರದಿಂದ ಆಡಿದ್ದು ಒಂದೇ ಮಾತು: "ಬೀರಪ್ಪನ್ನ ಕೇಳೂಣು."

ಹಾಗಾಗಿ ಮಧ್ಯಾಹ್ನ ಎಲ್ಲರೂ ಊರದೇವರು ಬೀರಪ್ಪನ ಗುಡಿಗೆ ಹೋದರು. ಪೂಜಾರಿ ಕಾಳಪ್ಪ ಹೂಗಳನ್ನು ನೀರಿನಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸಿದ. ಬಲಗಡೆಯ ಹೂ ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಅಷ್ಟರಲ್ಲಿ ನಿಂಗರಾಜ, ಬಲಕ್ಕೆ ಬೆಂಗಳೂರು ಎಡಕ್ಕೆ ಧಾರವಾಡ ಎಂದು ಹಂಚಿಬಿಟ್ಟ.

ಕಾಳಪ್ಪ ತಂಬಿಗೆ ಕೆಳಗಿಟ್ಟ. "ಎರಡ್ರಾಗ ಒಂದಕ್ಕ ಟಿಕ್ ಹಾಕಾಕ ದೇವ್ರೇನು ಪರೀಕ್ಷಾ ಬರಿಯಾಕ ಕುಂತಾನೇನಲೇ? ಒಂದು ಸಲಕ್ಕ ಒಂದ ಪ್ರಶ್ನಿ."

ಹಾಗಾದರೆ ಮೊದಲು ಯಾವ ಊರಿನದ್ದು ಕೇಳಬೇಕು ಎಂದು ರೇಣವ್ವನಿಗೂ ನಿಂಗರಾಜನಿಗೂ ಅಲ್ಲೇ ಜಗಳ ಹತ್ತಿತು. ಅಮಸಿದ್ದಪ್ಪ ಕಂಬಕ್ಕೆ ಒರಗಿ ಜಂತಿ ನೋಡುತ್ತಿದ್ದ. ಭಾಗ್ಯಾಳಿಗೆ ಮೌನವೆಂದರೆ ಇಷ್ಟವೇ. ಆದರೆ ಅಪ್ಪನ ಈ ಮೌನ, ಒಳಗಿನಿಂದ ಯಾರೋ ಅಗಳಿ ಹಾಕಿಕೊಂಡು ಕುಳಿತಂತಿತ್ತು. ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು.

"ಕಾಕಾ, ಹಿಂಗ ಕೇಳ್ರಿ," ಎಂದಳು. "ನಮ್ಮಪ್ಪ ಮನಸಿನ್ಯಾಗಿಂದು ಬಾಯಿ ಬಿಟ್ಟು ಹೇಳಬೇಕೋ ಬ್ಯಾಡೋ?"

ರೇಣವ್ವ ಮಗಳ ರಟ್ಟೆ ಚಿವುಟಿದಳು. ಕಾಳಪ್ಪ ನಗಲಿಲ್ಲ. ಪ್ರಶ್ನೆಯನ್ನು ಇದ್ದಂತೆಯೇ ದೇವರ ಮುಂದಿಟ್ಟ. ಎಲ್ಲರೂ ಕುಳಿತುಕೊಳ್ಳುವ ಮೊದಲೇ ಬಲಗಡೆಯ ಹೂ ಜಾರಿತು.

ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಅಮಸಿದ್ದಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಬೆಂಗಳೂರಿಗೆ ಹೋಗು."

"ಯಾಕಪ್ಪ?"

"ಧಾರವಾಡದವ್ರು ನಿನ್ನ ನಮ್ಮ ಪಂಚಾಯ್ತಿಗೇ ಕಳಿಸಿದ್ರ? ಇಲ್ಲಿ ಗ್ರಾಮಸಭಾ ಎಲ್ಲಿ ಆಗತೈತಿ? ಮನಿಮನಿಗೆ ಹೋಗಿ ಸಹಿ ಹಾಕಿಸ್ಕೊಂಡು ಬರ್ತೇವಿ. ನೀ ಎದುರಿಗೆ ಕುಂತು ಬರಿಯಾಕ ಹತ್ತಿದ್ರ, ನಾ ಎತ್ತಾಗ ನೋಡ್ಲಿ?"

ಊರಿಗೆಲ್ಲ ಗೊತ್ತಿದ್ದ ವಿಷಯವೇ. ಆದರೆ ಅಪ್ಪನ ಬಾಯಲ್ಲಿ ಅದನ್ನು ಕೇಳಿರಲಿಲ್ಲ. ಭಾಗ್ಯಾಳಿಗೆ ಸಿಟ್ಟು ಬಂತು, ಕನಿಕರವೂ ಬಂತು. ಎರಡರ ನಡುವೆ ಗೊಂದಲ ಮಾತ್ರ ಉಳಿಯಲಿಲ್ಲ. ಗುಡಿಯ ಕಟ್ಟೆಗೆ ಬಂದು, ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ನಿಂತು, ಧಾರವಾಡಕ್ಕೆ ಒಪ್ಪಿಗೆ ಕಳಿಸಿದಳು. ಹಿಂದೆಯೇ ಬಂದ ಅಪ್ಪನಿಗೆ ಮೊಬೈಲು ತೋರಿಸಿದಳು.

ಆತ ಬಹಳ ಹೊತ್ತು ಓದಿದ.

"ಆ ಆರು ತಿಂಗಳು ಬಾದಾಮಿ ಕಡೆ ಹಾಕಿಸ್ಕೊಳ್ಳಾಕ ಬರೂದಿಲ್ಲೇನು?"

"ಅದು ನನ್ನ ಕೈಯಾಗಿಲ್ಲಪ್ಪ."

ಅಮಸಿದ್ದಪ್ಪ ಕಟ್ಟೆಯ ಮೇಲೆ ಕುಳಿತ. ಬೇಡದ ಕೆಲಸವನ್ನು ಯಾರೋ ತಲೆಗೆ ಕಟ್ಟಿದಂತೆ ಮುಖ ಗಂಟಿಕ್ಕಿಕೊಂಡು, "ಅಷ್ಟರಾಗ ಒಂದರ ಸಭಾ ಖರೇನ ಮಾಡಬೇಕಾಗತೈತಿ," ಎಂದ. "ಮಾಡೂದೇನು ದೊಡ್ಡದಲ್ಲ. ಜನಾ ಬರಬೇಕಲ್ಲ."