ಎರಡು ಸುಳಿಯ ಗುರುತು

ಮೊಮ್ಮಗಳು ವಿಮಾನ ಇಳಿದು ಮನೆಗೆ ಬಂದವಳೇ ಸೋಫಾ ಮೇಲೆ ಬಿದ್ದುಕೊಂಡು, "ಒಂಬತ್ತು ಗಂಟೆ ಅಜ್ಜಿ! ಕಾಲು ಮರಗಟ್ಟಿ ಹೋಯ್ತು," ಎಂದಳು. ನನಗೆ ನಗು ತಡೆಯಲಾಗಲಿಲ್ಲ. ನಾನು ಇದೇ ಊರಿಗೆ ಬಂದದ್ದು ಹಡಗಿನಲ್ಲಿ, ಇಪ್ಪತ್ತಾರು ದಿನ. ಹಾಗಂತ ಆ ದಿನಗಳನ್ನು ಬಯ್ಯಲಾರೆ. ಒಂಬತ್ತು ಗಂಟೆಯಲ್ಲಿ ಬಂದಿಳಿದಿದ್ದರೆ ನನ್ನ ಸಂಸಾರ ಶುರುವಾಗುವ ಮೊದಲೇ ಮುಗಿದುಹೋಗುತ್ತಿತ್ತು. ಕೂತು ಅವಳಿಗೆ ಆ ಕತೆ ಹೇಳಿದೆ.

ಮದುವೆಯಾಗಿ ನಾವಿಬ್ಬರೂ ಒಟ್ಟಿಗಿದ್ದದ್ದು ಹನ್ನೊಂದೇ ದಿನ. ಆಮೇಲೆ ಅವರು ಇಲ್ಲಿನ ಬೇಕರಿಯೊಂದರಲ್ಲಿ ಕೆಲಸ ಸಿಕ್ಕಿ ಹಡಗು ಹತ್ತಿದರು. ಎರಡು ವರ್ಷ ಕಳೆದು ನನ್ನನ್ನು ಕರೆಸಿಕೊಂಡರು. ಆ ಹನ್ನೊಂದು ದಿನವೂ ಮನೆ ತುಂಬ ನೆಂಟರು, ನಾನೋ ನಾಚಿಕೆಯ ಮುದ್ದೆ. ಅವರ ಮುಖಕ್ಕಿಂತ ಅವರ ಚಪ್ಪಲಿಯ ಪರಿಚಯವೇ ನನಗೆ ಚೆನ್ನಾಗಿತ್ತು.

ಗುರುತಿಗೆಂದು ಇದ್ದದ್ದು ಅವರದೊಂದು ಫೋಟೋ. ಸಾಮಾನಿಗೆ ಅಂಟಿಸಲು ಹಡಗಿನವರು ಎರಡು ಬಣ್ಣದ ಚೀಟಿ ಕೊಟ್ಟಿದ್ದರು: ದಾರಿಯಲ್ಲಿ ಬೇಕಾಗುವ ಪೆಟ್ಟಿಗೆಗೆ ಹಳದಿ, ಬೇಡದ್ದಕ್ಕೆ ಕೆಂಪು. ಕೆಂಪು ಚೀಟಿಯದು ಹಡಗಿನ ತಳಕ್ಕೆ ಹೋಗುತ್ತಿತ್ತು. ನಾನೂ ನಮ್ಮಕ್ಕನೂ ಕೂತು ತಲೆ ಓಡಿಸಿದೆವು. ಕಳ್ಳಕಾಕರ ಕೈಗೆ ಸಿಗದ ಜಾಗ ತಳವಲ್ಲದೆ ಇನ್ನಾವುದು? ಒಡವೆ, ಒಳ್ಳೆಯ ಬಟ್ಟೆ, ಆ ಫೋಟೋ, ಎಲ್ಲ ಇದ್ದ ಪೆಟ್ಟಿಗೆಗೆ ಕೆಂಪು ಚೀಟಿ ಅಂಟಿಸಿ ಬೆನ್ನು ತಟ್ಟಿಕೊಂಡೆವು. ಕೋಣೆಗೆ ನನ್ನ ಜೊತೆ ಬಂದದ್ದು ಹೊದಿಕೆ ಮತ್ತು ಎರಡು ಪಾತ್ರೆ.

ಮೊದಲ ಎಂಟು ದಿನ ಸಮುದ್ರ ಒಗ್ಗದೆ ವಾಂತಿ ಮಾಡಿಕೊಂಡು ಮಲಗಿದ್ದೆ. ಒಂಬತ್ತನೆಯ ದಿನ ಎದ್ದು ಕೂತಾಗ ಕೋಣೆಯ ಜೊತೆಗಾತಿ, ಈ ದಾರಿಯಲ್ಲಿ ಮೂರು ಸಲ ಓಡಾಡಿದ್ದ ನರ್ಸಮ್ಮ, ಮಾತಿಗೆ ಮಾತು ಬಂದು ಹೇಳಿದಳು: "ಇಳಿಯೋ ದಿನ, ಹಡಗು ನಿಲ್ಲೋ ಮೊದಲೇ, ಅಧಿಕಾರಿ ದೋಣೀಲಿ ಬರ್ತಾನೆ. ಒಂಟಿಯಾಗಿ ಬಂದ ಹೆಂಗಸರನ್ನ ಮೇಲೆ ಕಂಬಿ ಹತ್ರ ನಿಲ್ಲಿಸಿ, ಕೆಳಗಿರೋರಲ್ಲಿ ನಿಮ್ಮೋರು ಯಾರು ತೋರಿಸಿ ಅಂತಾನೆ. ತಪ್ಪು ತೋರಿಸಿದ್ರೆ ಇಳಿಸಲ್ಲ. ಇದೇ ಹಡಗಲ್ಲಿ ವಾಪಸ್ಸು."

ಕಣ್ಣು ಮುಚ್ಚಿ ಅವರ ಮುಖ ನೆನೆದೆ. ಮೀಸೆ ಬಂತು, ಮೂಗು ಬರಲಿಲ್ಲ. ಬಲವಂತವಾಗಿ ಒಂದು ಮೂಗು ಕೂರಿಸಿದರೆ ಅದು ನಮ್ಮ ಚಿಕ್ಕಪ್ಪನ ಮೂಗು! ಸಾಮಾನಿನ ಗುಮಾಸ್ತನ ಬಳಿ ಹೋಗಿ ಪೆಟ್ಟಿಗೆ ತೆಗೆಸಿಕೊಡಿ ಎಂದು ಗೋಗರೆದೆ.

"ಅದರ ಮೇಲೆ ನಾನೂರು ಪೆಟ್ಟಿಗೆ ಕೂತಿವೆಯಮ್ಮ. ಬೇಡ ಅಂತ ಚೀಟಿ ಅಂಟಿಸಿದ್ದು ನೀವೇ ತಾನೇ?" ಎಂದ. ಅವನಿಗೆ ಎರಡು ಬಿಡೋಣ ಅನ್ನಿಸಿತು. ತಪ್ಪು ನನ್ನದೇ ಆಗಿದ್ದರಿಂದ ಸಿಟ್ಟು ಇನ್ನೂ ಹೆಚ್ಚು.

ಅಷ್ಟು ದಿನ ಮಲಗಿ ನನ್ನ ಕೂದಲು ಗಂಟು ಗಂಟಾಗಿತ್ತು. ನರ್ಸಮ್ಮ ನನ್ನನ್ನು ಹಡಗಿನ ಕ್ಷೌರಿಕನ ಅಂಗಡಿಗೆ ಎಳೆದುಕೊಂಡು ಹೋದಳು. ಒಂದು ಕುರ್ಚಿ, ಒಂದು ಕನ್ನಡಿ, ಉರುಳದಂತೆ ಪಟ್ಟಿ ಬಿಗಿದು ನಿಲ್ಲಿಸಿದ ಬಾಟಲಿಗಳು. ಐವತ್ತು ದಾಟಿದ ಆ ಮನುಷ್ಯ ಕತ್ತರಿ ಮುಟ್ಟಲಿಲ್ಲ. ಎಣ್ಣೆ ಸವರಿ ಎಳೆ ಎಳೆಯಾಗಿ ಬಿಡಿಸತೊಡಗಿದ. ಅಮ್ಮನನ್ನು ಬಿಟ್ಟು ಬಂದ ಮೇಲೆ ಯಾರೂ ನನ್ನ ತಲೆಯನ್ನು ಹಾಗೆ ಮುಟ್ಟಿರಲಿಲ್ಲ. ಅತ್ತುಬಿಟ್ಟೆ. ಅಳುತ್ತಲೇ ಎಲ್ಲ ಹೇಳಿಕೊಂಡೆ.

"ನಿಮ್ಮೋರು ಯಾವ ಹಡಗಲ್ಲಿ ಹೋದ್ರು, ತಂಗಿ?"

"ಇದರಲ್ಲೇ ಅಣ್ಣ. ಎರಡು ವರ್ಷ ಆಯ್ತು."

ಬಾಚಣಿಗೆ ಕೆಳಗಿಟ್ಟು ಒಂದು ದಪ್ಪ ಪುಸ್ತಕ ತೆಗೆದ. ಹೊಯ್ದಾಡುವ ಹಡಗಿನಲ್ಲಿ ಕತ್ತಿ ಹಿಡಿಯುವ ಕೆಲಸ ಅವನದು. ಯಾರ ತಲೆಯಲ್ಲಿ ಎಲ್ಲಿ ಗಂಟಿದೆ, ಎಲ್ಲಿ ಮಚ್ಚೆಯಿದೆ ಎಂದು ಮೊದಲ ಸಲವೇ ಬರೆದಿಟ್ಟುಕೊಳ್ಳುತ್ತಿದ್ದ. ಅವರ ಹೆಸರು ಹೇಳಿದೆ. ಪುಟದ ಮೇಲೆ ಬೆರಳು ಇಳಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದ.

"ಮುಖ ನಂಗೂ ನೆನಪಿಲ್ಲ, ನಾನು ಹಿಂದೆ ನಿಲ್ಲೋನು. ಆದ್ರೆ ತಲೆ ಇಲ್ಲಿದೆ ನೋಡು. ನೆತ್ತಿ ಮೇಲೆ ಎರಡು ಸುಳಿ. ನಡುವಿನ ಕೂದಲು ನೆಟ್ಟಗೆ ನಿಲ್ಲತ್ತೆ, ಎಣ್ಣೆಗೂ ಬಗ್ಗಲ್ಲ." ಆಮೇಲೆ ನಕ್ಕ. "ಎರಡು ಸುಳಿ ಇದ್ದೋನಿಗೆ ಎರಡು ಮದುವೆ ಅಂತಾರೆ. ಸ್ವಲ್ಪ ಬಿಗಿಯಾಗಿ ಹಿಡ್ಕೊಳಮ್ಮ."

"ನೆತ್ತಿ ನಂಗೆ ಹೇಗೆ ಕಾಣತ್ತೆ ಅಣ್ಣ?"

"ನೀನು ನಿಲ್ಲೋದು ಮೂರು ಮಹಡಿ ಎತ್ತರದಲ್ಲಿ. ಅಲ್ಲಿಂದ ಮುಖ ಎಲ್ಲಾ ಒಂದೇ ಥರ. ಹಡಗು ಕಟ್ಟೆಗೆ ತಾಗಿದ ತಕ್ಷಣ ಗಂಡಸರೆಲ್ಲ ಟೋಪಿ ತೆಗೆದು ಬೀಸ್ತಾರೆ. ಮತ್ತೆ ಹಾಕ್ಕೊಳ್ಳುವಾಗ ತಲೆ ಬಗ್ಗಿಸ್ತಾರೆ. ಆಗ ಕಣ್ಣು ಮಿಟುಕಿಸ್ಬೇಡ."

ಇಪ್ಪತ್ತಾರನೆಯ ದಿನ ಬೆಳಿಗ್ಗೆ ಕಂಬಿ ಹಿಡಿದು ನಿಂತೆ. ಕೆಳಗೆ ಟೋಪಿಗಳ ಸಂತೆ. ಮುಂದಿನ ಸಾಲಿನಲ್ಲೇ ಒಬ್ಬ ಮೀಸೆಯವನು ನನ್ನ ಕಡೆ ನೋಡಿ ಹಲ್ಲು ಕಿರಿಯುತ್ತಿದ್ದ.

"ಬೇಗ ತೋರಿಸಿ, ಹಿಂದೆ ಸಾಲಿದೆ," ಎಂದ ಅಧಿಕಾರಿ.

ನನ್ನ ಬೆರಳು ಆ ಮೀಸೆಯ ಕಡೆ ಅರ್ಧ ಎದ್ದಿತ್ತು. ಅಷ್ಟರಲ್ಲಿ ಹಡಗು ಕಟ್ಟೆಗೆ ತಾಗಿತು, ಟೋಪಿಗಳು ಮೇಲೆದ್ದವು. ಹಿಂದಿನ ಸಾಲಿನಲ್ಲಿ ಒಬ್ಬ ಟೋಪಿ ತೆಗೆದ, ಬೀಸಲಿಲ್ಲ. ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿದ. ನೆತ್ತಿಯ ಮೇಲೆ ಕೂದಲು ಕೊತ್ತಂಬರಿ ಕಟ್ಟಿನ ಹಾಗೆ ನೆಟ್ಟಗೆ ನಿಂತಿತ್ತು.

"ಅವರು!" ಎಂದೆ. ಅಷ್ಟು ಗಟ್ಟಿಯಾಗಿ ನಾನು ಹಿಂದೆಂದೂ ಮಾತಾಡಿರಲಿಲ್ಲ.

ಅವರನ್ನು ಮೇಲೆ ಕರೆಸಿದರು. ಬಂದವರಿಗೆ ಮೀಸೆಯೇ ಇರಲಿಲ್ಲ! ನನ್ನ ಜೀವ ಬಾಯಿಗೆ ಬಂತು. ಹೆಂಡತಿಯ ಹೆಸರೇನು ಎಂದು ಅಧಿಕಾರಿ ಕೇಳಿದಾಗ ಅವರು ನನ್ನ ಹೆಸರು ಹೇಳಿದರು. ಆ ದನಿ ಕೇಳಿದ ಮೇಲೆ ಹೋದ ಜೀವ ಬಂತು.

ಬೇಕರಿಯಲ್ಲಿ ಮೀಸೆ ಇಡುವಂತಿಲ್ಲವಂತೆ. ಕಾಗದದಲ್ಲಿ ಅದನ್ನೆಲ್ಲ ಏನು ಬರೆಯೋದು ಎಂದು ಬಿಟ್ಟರಂತೆ ಪುಣ್ಯಾತ್ಮರು. ಮೂರು ದಿನದ ಮೇಲೆ ಪೆಟ್ಟಿಗೆ ಕೈಗೆ ಬಂತು. ಫೋಟೋ ತೆಗೆದು ನೋಡಿದೆ. ದಪ್ಪ ಮೀಸೆ, ತುಂಬಿದ ಕೆನ್ನೆ. ಅದು ಹಡಗಿನಲ್ಲಿ ನನ್ನ ಕೈಯಲ್ಲಿದ್ದಿದ್ದರೆ ಕಣ್ಣು ಮುಚ್ಚಿಕೊಂಡು ಆ ಹಲ್ಲುಕಿರುಕನನ್ನೇ ತೋರಿಸಿರುತ್ತಿದ್ದೆ. ಆ ಕೆಂಪು ಚೀಟಿಗೆ, ಅದನ್ನು ಅಂಟಿಸಿದ ನಮ್ಮಕ್ಕನ ದಡ್ಡತನಕ್ಕೆ, ನನ್ನ ದಡ್ಡತನಕ್ಕೂ ಕೈಮುಗಿದೆ. ಆ ಕ್ಷೌರಿಕ ಅಣ್ಣನಿಗೆ ಮಾತ್ರ ಒಂದು ಮಾತು ಹೇಳಲಾಗಲಿಲ್ಲ. ಹಡಗು ಮರುದಿನವೇ ಹೊರಟುಹೋಗಿತ್ತು. ಅವನ ಹೊಟ್ಟೆ ತಣ್ಣಗಿರಲಿ ಎಂದು ಇವತ್ತಿಗೂ ನೆನೆಯುತ್ತೇನೆ.

ಮೊಮ್ಮಗಳು ಎದ್ದು ಕೂತಳು. ಪಕ್ಕದ ಕುರ್ಚಿಯಲ್ಲಿ ಅವಳ ಅಜ್ಜ ತೂಕಡಿಸುತ್ತಿದ್ದರು. ಆ ತಲೆಯಲ್ಲಿ ಈಗ ಒಂದು ಕೂದಲೂ ಇಲ್ಲ. ಸುಳಿ ಎಲ್ಲಿದ್ದವು ಎಂದು ಗೊತ್ತಿರುವುದು ನನಗೊಬ್ಬಳಿಗೇ.

"ಹಾಗಾದ್ರೆ ಅವನು ಹೇಳಿದ್ದು ಸುಳ್ಳಾಯ್ತಲ್ಲ ಅಜ್ಜಿ? ಅಜ್ಜನಿಗೆ ಎರಡು ಮದುವೆ ಎಲ್ಲಾಯ್ತು?"

"ಆಯ್ತಲ್ಲೇ," ಎಂದೆ. "ಮೊದಲನೇದು ಮನೆಯವರು ಮಾಡಿದ್ದು. ಎರಡನೇದು ಆ ಕಂಬಿ ಹತ್ರ, ನಾನೇ ಬೆರಳು ತೋರಿಸಿ ಮಾಡ್ಕೊಂಡಿದ್ದು."