ತಮ್ಮ ಕಾಯುತ್ತಿದ್ದ ಗಡಿ

ಎರ್ಮೆಕ್‌ನನ್ನು ಮಣ್ಣು ಮಾಡಿ ಇನ್ನೂ ವಾರ ತುಂಬಿರಲಿಲ್ಲ. ಅವನ ತಂದೆ ಶಾರ್ಶೆನ್ ಬೆಟ್ಟದೂರಾದ ಅತ್‌ಬಾಶಿಯ ಹುಡುಗರು ದುಡ್ಡು ಕೊಟ್ಟು ಆಟ ಆಡುವ ಕಂಪ್ಯೂಟರ್ ಕ್ಲಬ್ಬಿನ ಮೆಟ್ಟಿಲು ಹತ್ತಿದ. ಮಗ ಬದುಕಿದ್ದಾಗ ಅದೇ ಮೆಟ್ಟಿಲ ಬುಡದಲ್ಲಿ ನಿಂತು, “ಕುರಿ ದೊಡ್ಡಿಗೆ ಬಂದಿಲ್ಲ, ನೀನಿಲ್ಲಿ ರಾಜ್ಯ ಆಳ್ತಿದೀಯೇನೋ!” ಎಂದು ಎಷ್ಟೋ ಸಲ ಕೂಗಿದ್ದ. ಒಳಗೆ ಮಾತ್ರ ಕಾಲಿಟ್ಟವನಲ್ಲ.

ಈಗ ಬಂದದ್ದು ಹಿರಿಯ ಮಗ ಕುಬಾತ್‌ಗಾಗಿ. ಕುಬಾತ್ ಸೈಬೀರಿಯಾದ ದೊಡ್ಡ ಪಟ್ಟಣವೊಂದರಲ್ಲಿ ಎತ್ತರದ ಕಟ್ಟಡಗಳಿಗೆ ಗಾರೆ ಮೆತ್ತುವ ಕೆಲಸದಲ್ಲಿದ್ದ. ತಮ್ಮ ಸತ್ತ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ದೂರದಲ್ಲಿ ಒಂಟಿಯಾಗಿರುವವನ ಕಿವಿಗೆ ಸಾವಿನ ಸುದ್ದಿ ಹಾಕುವುದು ಆ ಬೆಟ್ಟದ ಜನರಲ್ಲಿ ಪಾಪ. ಏನಾದರೊಂದು ನೆಪ ಹೇಳಿ ಊರಿಗೆ ಕರೆಸಬೇಕು. ತಲೆ ನರೆತ ಹಿರಿಯರು ಎದುರಿಗೆ ಕೂರಿಸಿಕೊಂಡು, ಭುಜ ಹಿಡಿದು, ಆ ಮಾತನ್ನು ಮೆಲ್ಲಗೆ ಇಳಿಸಬೇಕು. ಶಾರ್ಶೆನ್‌ನ ಅಣ್ಣ ಅಬ್ದಿಕೆರಿಮ್ ಕಡ್ಡಿ ಮುರಿದಂತೆ ಹೇಳಿದ್ದ: “ಆಕಾಶದಲ್ಲಿ ಹಲಗೆ ಮೇಲೆ ನಿಂತು ಕೆಲ್ಸ ಮಾಡೋನಿಗೆ ಫೋನಲ್ಲಿ ಹೇಳ್ತೀಯೇನೋ? ಒಬ್ಬನ್ನ ಹೊಳೆ ತಗೊಂಡು ಹೋಯ್ತು. ಇನ್ನೊಬ್ಬನ್ನ ನೀನೇ ತಳ್ಬೇಡ.”

ಅವ್ವನಿಗೆ ಮೈ ಸರಿಯಿಲ್ಲ, ಬಂದುಹೋಗು ಎಂದು ಹೇಳಿಕಳಿಸಿದರು. ರಜೆ ಸಿಕ್ಕಿದ ಕೂಡಲೇ ಹೊರಡುತ್ತೇನೆ ಎಂದ ಕುಬಾತ್. ತಮ್ಮ ಯಾಕೆ ಫೋನ್ ಎತ್ತುತ್ತಿಲ್ಲ ಎಂದು ಕೇಳಿದ್ದಕ್ಕೆ, ಫೋನು ಹೊಳೆಗೆ ಬಿತ್ತು ಎಂದ ಶಾರ್ಶೆನ್. ಅದು ಸುಳ್ಳೂ ಆಗಿರಲಿಲ್ಲ. ಹೆಪ್ಪುಗಟ್ಟಿದ ಹೊಳೆಯನ್ನು ದಾಟುವಾಗ ಮಂಜುಗಡ್ಡೆ ಬಿರಿದು ಕುದುರೆ, ಹುಡುಗ, ಹುಡುಗನ ಜೇಬಿನ ಫೋನು ಎಲ್ಲ ಒಟ್ಟಿಗೇ ಹೋಗಿದ್ದವು.

ಕುಬಾತ್ ನಕ್ಕಿದ್ದ. “ಫೋನ್ ಹೋದ್ರೆ ಕ್ಲಬ್ಬೂ ಹೋಯ್ತಾ? ಸಂಜೆ ಬಂದು ಕೂರೋಕೆ ಹೇಳಿ ಅಪ್ಪ. ಆಟದಲ್ಲಿ ಅವನ ಗಡಿ ಬಿಳಿಚಿಕೊಳ್ತಿದೆ. ಬರ್ಲಿಲ್ಲ ಅಂದ್ರೆ ಮನೇಲಿ ಏನೋ ಆಗಿದೆ ಅಂದ್ಕೋತೀನಿ.”

ಆ ಕೊನೆಯ ಮಾತೇ ಶಾರ್ಶೆನ್‌ನನ್ನು ಇಲ್ಲಿಗೆ ಅಟ್ಟಿತ್ತು.

ಕ್ಲಬ್ಬು ನಡೆಸುತ್ತಿದ್ದ ಕುಂಟುಗಾಲಿನ ತಿಲೆಕ್ ಎದ್ದು ಬಂದು ಎರಡೂ ಕೈಯಿಂದ ಅವನ ಕೈ ಹಿಡಿದ. ಕುಬಾತ್ ಹೇಳಿದ್ದನ್ನು ಶಾರ್ಶೆನ್ ಅವನಿಗೆ ತಿಳಿಸಿದ. “ಕೂತ್ಕೊಳ್ಳಿ ದೊಡ್ಡಪ್ಪ. ಅವನ ಹೆಸರಲ್ಲಿ ನಾನೇ ಆಡ್ತೀನಿ,” ಎಂದು ತಿಲೆಕ್, ಎರ್ಮೆಕ್ ಸದಾ ಕೂರುತ್ತಿದ್ದ ಕಿಟಕಿ ಪಕ್ಕದ ಕುರ್ಚಿಯ ಬಳಿಗೆ ಇನ್ನೊಂದು ಕುರ್ಚಿ ಎಳೆದ.

ಪರದೆಯ ಮೇಲೆ ಒಂದು ನಾಡು ಹಾಸಿಕೊಂಡಿತ್ತು. ಬೆಟ್ಟ, ಕಣಿವೆ, ಹೊಳೆ. ಎಲ್ಲ ಸಣ್ಣ ಸಣ್ಣ ತಾಕುಗಳಾಗಿ ಹರಿದು ಹಂಚಿದ ನಾಡು. ಆಡುವವರಿಗೆ ಒಂದೊಂದು ಬಣ್ಣ. ಪಕ್ಕದವನ ತಾಕಿನಲ್ಲಿ ಬಾವುಟ ನೆಟ್ಟು ನಿಂತರೆ ಅದು ನಿಮ್ಮ ಬಣ್ಣಕ್ಕೆ ತಿರುಗುತ್ತದೆ. ನಿಮ್ಮದೇ ತಾಕಿಗೆ ದಿನವೂ ಕಾಲಿಡದಿದ್ದರೆ ಬಣ್ಣ ಮಾಸುತ್ತದೆ. ಮಾಸಿದ ನೆಲ ಯಾರದೂ ಅಲ್ಲ, ಬಂದವರದು. ಅಣ್ಣ ತಮ್ಮ ಸೇರಿ ಎರಡು ವರ್ಷದಿಂದ ಒಂದು ಕಣಿವೆಯನ್ನು ಹಸಿರಾಗಿ ಇಟ್ಟುಕೊಂಡಿದ್ದರು. ಬಡಗಣ ಗಡಿ ತಮ್ಮನ ಪಾಲು. ಅಲ್ಲಿಯ ಹಸಿರು ಈಗ ಒಣಹುಲ್ಲಿನಂತಾಗಿತ್ತು.

“ಬಂದ್ಯಾ ಸಾಹೇಬ!” ಎಂದು ಕುಬಾತ್‌ನ ಅಕ್ಷರಗಳು ಪರದೆಯ ಮೂಲೆಯಲ್ಲಿ ಮೂಡಿದವು. “ಮಾತಾಡೋ, ದನಿ ಕೇಳಿಸ್ತಿಲ್ಲ.”

“ಮೈಕ್ ಕೆಟ್ಟಿದೆ ಅಣ್ಣ,” ಎಂದು ತಿಲೆಕ್ ಒತ್ತಿದ.

ಕೆಂಪು ಬಣ್ಣದ ಕಡೆಯವನೊಬ್ಬ ನಡುವೆ ಬಾಯಿ ಹಾಕಿದ. “ಹಸಿರು ಕಂಡ್ರೆ ನಮ್ ಕುದುರೆಗೆ ಹಸಿವು ಕಣ್ರೋ. ಬೇಲಿ ತೆಗೀರಿ.”

“ನಿನ್ ಕುದುರೆ ಕತ್ತೆ ಅಂತ ಊರಿಗೇ ಗೊತ್ತು,” ಎಂದು ಉತ್ತರಿಸಿ ಕುಬಾತ್ ತಮ್ಮನ ಕಡೆ ತಿರುಗಿದ. “ಏನೋ ಎರ್ಮೆಕ್, ಕುರಿ ಕಳ್ಕೊಂಡವನ ಥರ ಸುತ್ತುತ್ತಿದೀಯ? ಕೈಗೇನಾಯ್ತು?”

“ಚಳಿ ಅಣ್ಣ. ಬೆರಳು ಮರಗಟ್ಟಿದೆ.”

ಶಾರ್ಶೆನ್ ಕಣ್ಣು ಮುಚ್ಚಿಕೊಂಡ. ಹೊಳೆಯಿಂದ ಎತ್ತಿ ತಂದ ಮಗನ ಮೈ ತೊಳೆಯುವಾಗ ಆ ಬೆರಳುಗಳನ್ನು ಅವನೇ ಬಿಡಿಸಿದ್ದ. ಲಗಾಮು ಹಿಡಿದು ಹಾಗೇ ಮರಗಟ್ಟಿದ್ದವು.

ಗಡಿ ಮೆಲ್ಲಮೆಲ್ಲಗೆ ಹಸಿರಾಯಿತು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಇಬ್ಬರು ಜಾಗಕ್ಕಾಗಿ ಕೈ ಕೈ ಮಿಲಾಯಿಸಿದರು. “ಬಿಡಿಸಿ ಬರ್ತೀನಿ ದೊಡ್ಡಪ್ಪ, ಏನೂ ಒತ್ಬೇಡಿ,” ಎಂದು ತಿಲೆಕ್ ಎದ್ದುಹೋದ.

ಆಗ ಕುಬಾತ್ ಬರೆದ: “ನಾಳೆಯಿಂದ ಮೇಲಿನ ಮಹಡಿ ಕಣೋ. ಗಾಳಿ ಜೋರು. ಹಗ್ಗ ಹಳೇದು, ಹೊಸದು ಕೇಳಿದ್ರೆ ನಗ್ತಾರೆ. ಅಪ್ಪಂಗೆ ಹೇಳ್ಬೇಡ.”

ಶಾರ್ಶೆನ್ ಆ ಸಾಲನ್ನು ಓದಿದ, ಮತ್ತೆ ಓದಿದ. ಅವನಿಗೆ ಉಳಿದಿದ್ದವನು ಇವನೊಬ್ಬನೇ. ತಾನು ಯಾರ ಕುರ್ಚಿಯ ಪಕ್ಕ ಕೂತಿದ್ದೇನೆ, ಯಾರ ಹೆಸರಿನಲ್ಲಿ ಬರೆಯುತ್ತೇನೆ ಎಂಬುದೆಲ್ಲ ಮರೆತುಹೋಯಿತು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದ:

“ದೇವರು ನಿನ್ನ ಮುಂದೆ ನಡೆಯಲಿ, ಬೆನ್ನಿಗೂ ಇರಲಿ. ಹೋಗುವ ದಾರಿ ಬೆಳ್ಳಗಿರಲಿ. ಆಮೀನ್.”

ಒತ್ತಿ, ಎರಡೂ ಅಂಗೈಗಳನ್ನು ಮುಖದ ಮೇಲಿಂದ ಇಳಿಸಿಕೊಂಡ.

ಪರದೆಯಲ್ಲಿ ಕುಬಾತ್‌ನ ಸವಾರ ಓಡುತ್ತಿದ್ದವನು ನಿಂತುಬಿಟ್ಟ. ಅತ್‌ಬಾಶಿಯ ಕಡೆ ಹರಸುವುದು ಹಿರಿಯರ ಹಕ್ಕು. ತಂದೆ ಬದುಕಿರುವಾಗ ತಮ್ಮನಾದವನು ಅಣ್ಣನನ್ನು ತಮಾಷೆಗೂ ಹರಸುವುದಿಲ್ಲ.

“ಯಾರು?” ಎಂದು ಬಂತು.

ಅದರ ಬೆನ್ನಿಗೇ, “ಅಪ್ಪಾ?”

ಆಮೇಲೆ, “ಅವನ ಜಾಗದಲ್ಲಿ ನೀವ್ಯಾಕೆ ಕೂತಿದೀರಿ?”

ಕೆಂಪು ಬಣ್ಣ ಗಡಿ ದಾಟಿ ಒಳಗೆ ಹರಿಯತೊಡಗಿತು. ತಿಲೆಕ್ ಓಡಿಬಂದು ಪರದೆ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡ. ಶಾರ್ಶೆನ್ ಅವನಿಗೆ ಕೀಲಿಮಣೆ ಬಿಟ್ಟುಕೊಡಲಿಲ್ಲ. ಸುಳ್ಳು ಹೇಳಲು ಬೆರಳು ಏಳಲಿಲ್ಲ. ನಿಜ ಹೇಳಲು ಎದೆ ಒಪ್ಪಲಿಲ್ಲ. ಯಾ ಅಲ್ಲಾಹ್, ಇವನನ್ನು ಒಂಟಿ ಮಾಡಬೇಡ ಎಂದು ಬೇಡಿಕೊಂಡು ಬರೆದ: “ನಿನ್ನ ಹತ್ತಿರ ಯಾರಿದ್ದಾರೆ?”

“ಸೈಫಿದ್ದೀನ್ ಮಾಮ. ತಾಜಿಕ್ ಜನದವರು, ನಮ್ಮಿಬ್ಬರಿಗೂ ಒಂದೇ ಕೋಣೆ. ಎರ್ಮೆಕ್ ಎಲ್ಲಿ ಅಪ್ಪಾ?”

“ಅವರ ಗಡ್ಡ ನರೆತಿದೆಯಾ?”

“ನರೆತಿದೆ.”

“ಫೋನು ಅವರ ಕೈಗೆ ಕೊಡು. ನೀನು ಕೂತ್ಕೋ.”

ತಿಲೆಕ್ ತನ್ನ ಫೋನಿನಿಂದ ಕುಬಾತ್‌ಗೆ ಕರೆ ಮಾಡಿ ಶಾರ್ಶೆನ್‌ನ ಕಿವಿಗಿಟ್ಟ. ಆ ಕಡೆಯಿಂದ ಒಡಕು ದನಿಯ ಸಲಾಮು ಬಂತು. ಒಗ್ಗರಣೆ ಚಟಪಟ ಎನ್ನುವುದು ಕೇಳುತ್ತಿತ್ತು. ಇಬ್ಬರಿಗೂ ಬರುತ್ತಿದ್ದ ಭಾಷೆ ಹರಕು ರಷ್ಯನ್ ಒಂದೇ.

“ನನ್ ಕಿರೀ ಮಗ ದೇವರ ಹತ್ರ ಹೋದ,” ಎಂದ ಶಾರ್ಶೆನ್. “ದೊಡ್ಡೋನಿಗೆ ಇನ್ನೂ ಗೊತ್ತಿಲ್ಲ. ಅಲ್ಲಿ ಅವನಿಗೆ ಹಿರಿಯರು ಅಂತ ಯಾರೂ ಇಲ್ಲ. ನೀವು ನಮ್ಮ ಕುಲದವರಲ್ಲ, ಮುಖ ನೋಡಿದವರಲ್ಲ. ಆದ್ರೂ ಇವತ್ತು ಅವನಿಗೆ ಹಿರಿಯರಾಗಿ.”

ಸೈಫಿದ್ದೀನ್ ಹೇಳಿದ, “ತಡೀರಿ ಅಣ್ಣಾ. ಒಲೆ ಆರಿಸ್ತೀನಿ.”

ಚಟಪಟ ನಿಂತಿತು. ಮಣೆ ಎಳೆದ ಸದ್ದು. ಸೈಫಿದ್ದೀನ್ ಕರೆ ಕಡಿಯದೆ ಫೋನನ್ನು ಪಕ್ಕದಲ್ಲಿಟ್ಟಿದ್ದ. “ಬಾ ಮಗಾ, ಇಲ್ಲಿ ಕೂರು. ಕೈ ಕೊಡು. ಕೊಟ್ಟವನು ಅವನೇ, ತಗೊಳ್ಳೋವಾಗ ನಮ್ಮನ್ನ ಕೇಳೋಲ್ಲ...” ಮುಂದಿನ ಮಾತು ಪಿಸುದನಿಯಾಯಿತು.

ಆಮೇಲೆ ಕುಬಾತ್‌ನ ಕೂಗು ಬಂತು. “ಅಯ್ಯೋ ತಮ್ಮಾ! ನನ್ನ ಬೆನ್ನಿಗಿದ್ದೋನೇ!” ಸಾವಿನ ಮನೆಗೆ ಬರುವ ಗಂಡಸರು ದೂರದಲ್ಲೇ ಕುದುರೆ ಇಳಿದು, ಮನೆಯವರಿಗೆ ಕೇಳಲೆಂದು ಕೂಗುವ ಕೂಗು. ಅದನ್ನು ಕೇಳಿದರೆ ಮನೆಯ ಯಜಮಾನ ಬಾಗಿಲಲ್ಲಿ ನಿಂತು ಓಗೊಡಬೇಕು.

ಶಾರ್ಶೆನ್ ಎದ್ದು ನಿಂತ. ಫೋನನ್ನು ಎದೆಗೆ ಒತ್ತಿಕೊಂಡು, ಆ ಕೋಣೆಯವರೆಲ್ಲ ಆಟ ಬಿಟ್ಟು ತಿರುಗುವಂತೆ, ಮಗನ ಕೂಗಿಗೆ ದನಿಯೆತ್ತಿ ಓಗೊಟ್ಟ.